ನಾಡಗೀತೆಗೆ ಧಾಟಿ ಗೊತ್ತಾಯಿತು, ಕಲಿಸುವವರು ಎಲ್ಲಿ?

ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ ತೀರ್ಥಹಳ್ಳಿ ಸೀಮೆಯ ಗಿಟಾರ್ ಶಿಕ್ಷಕನೊಬ್ಬನ ಬಹಿರಂಗ ಪತ್ರ

ಸನ್ಮಾನ್ಯ ಸಚಿವರೇ,

ನಾಡಗೀತೆಯನ್ನು ಹೇಗೆ ಹಾಡಬೇಕು ಎಂಬುದನ್ನು ರಾಜ್ಯ ಸರ್ಕಾರ 2022ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡುಗಳ ಅವಧಿ, ಆಲಾಪ ಬೇಡ, ಸಾಲುಗಳನ್ನು ಮತ್ತೆ ಮತ್ತೆ ಹಾಡುವುದೂ ಬೇಡ. ವರ್ಷಗಟ್ಟಲೆ ಎಳೆದಾಡಿದ ಚರ್ಚೆಗೆ ಒಂದು ಕೊನೆ ಬಂದಿತೆಂದು ನನ್ನಂಥವರೆಲ್ಲ ಸಂತೋಷಪಟ್ಟೆವು. ಆ ಗೀತೆಯನ್ನು ಬರೆದ ಕವಿಯ ಕುಪ್ಪಳಿ ಇರುವುದು ನಮ್ಮ ತಾಲ್ಲೂಕಿನಲ್ಲಿ. ಹಾಗಾಗಿ ನಮಗೆ ಅದರ ಮೇಲೆ ಒಂದು ಹಿಡಿ ಹೆಚ್ಚೇ ಅಭಿಮಾನ. ಆದರೆ ಧಾಟಿಯನ್ನು ನಿಗದಿ ಮಾಡಿದ ಸರ್ಕಾರ, ಅದನ್ನು ಮಕ್ಕಳ ಕೊರಳಿಗೆ ದಾಟಿಸುವವರು ಯಾರು ಎಂದು ಇನ್ನೂ ಹೇಳಿಲ್ಲ. ಈ ಪತ್ರ ಬರೆಯುತ್ತಿರುವುದು ಅದನ್ನು ಕೇಳುವುದಕ್ಕೆ.

ಗಿಟಾರ್ ನುಡಿಸುವುದು ಮತ್ತು ಕಲಿಸುವುದು ನನ್ನ ಕಸುಬು. ಮನೆಗೆ ಸ್ವಲ್ಪ ಅಡಿಕೆ ತೋಟವಿದೆ, ಅದು ಅಣ್ಣನ ಜವಾಬ್ದಾರಿ. ನಾನು ಪೇಟೆಯಲ್ಲಿ ಅಂಗಡಿಯೊಂದರ ಮಾಳಿಗೆಯ ಕೋಣೆಯನ್ನು ಬಾಡಿಗೆಗೆ ಹಿಡಿದು ಪಾಠ ಮಾಡುತ್ತೇನೆ, ಗಣೇಶೋತ್ಸವ, ಜಾತ್ರೆ, ಮದುವೆಯ ಆರತಕ್ಷತೆಗಳ ವೇದಿಕೆಗಳಲ್ಲಿ ಗಾಯಕರ ಹಿಂದೆ ಕೂತು ನುಡಿಸುತ್ತೇನೆ. ಕರೆದ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಹಾಡು ಹೇಳಿಕೊಡುತ್ತೇನೆ. ಸರ್ಕಾರಿ ಶಾಲೆಗಳ ಬೆಳಗಿನ ಪ್ರಾರ್ಥನೆಯನ್ನು ಹತ್ತಿರದಿಂದ ಕೇಳಿದ್ದೇನೆ. ಅಲ್ಲಿ ನಡೆಯುವುದನ್ನು ಸಂಗೀತದ ಕಿವಿಯಿಂದ ತಮಗೆ ವಿವರಿಸಬೇಕು.

ದನಿ ಚೆನ್ನಾಗಿದೆ ಎಂದು ಹೆಸರಾದ ಒಬ್ಬ ಹುಡುಗಿ ತನಗೆ ತೋಚಿದ ಶ್ರುತಿಯಲ್ಲಿ ಎತ್ತಿಕೊಳ್ಳುತ್ತಾಳೆ. ಉಳಿದವರು ಸೇರುತ್ತಾರೆ. ಪಲ್ಲವಿ ಹೇಗೋ ದಾಟುತ್ತದೆ. ಚರಣದಲ್ಲಿ ಸ್ವರ ಮೇಲಕ್ಕೆ ಹತ್ತಿದಾಗ ಸಣ್ಣ ಮಕ್ಕಳು ಕಿರುಚುತ್ತಾರೆ, ಹಿಂದಿನ ಸಾಲಿನಲ್ಲಿರುವ ಎಂಟನೆಯ ತರಗತಿಯ ಹುಡುಗರು ಬಾಯಿ ಮುಚ್ಚುತ್ತಾರೆ. ಅದು ಅವರ ಉಡಾಫೆಯಲ್ಲ. ಆ ವಯಸ್ಸಿನಲ್ಲಿ ಗಂಡುಮಕ್ಕಳ ದನಿ ಒಡೆಯುತ್ತದೆ. ನಿನ್ನೆ ಸಲೀಸಾಗಿ ಎಟುಕುತ್ತಿದ್ದ ಸ್ವರ ಇಂದು ಎಟುಕುವುದಿಲ್ಲ, ಬಲವಂತವಾಗಿ ಹಿಡಿಯಹೋದರೆ ದನಿ ಸೀಳುತ್ತದೆ, ಪಕ್ಕದವನು ನಗುತ್ತಾನೆ. ಹಾಗೆ ಒಮ್ಮೆ ಬಾಯಿ ಮುಚ್ಚಿದ ಹುಡುಗರಲ್ಲಿ ಅನೇಕರು ಮತ್ತೆ ಜನ್ಮದಲ್ಲಿ ಹಾಡುವುದಿಲ್ಲ. ಮುಂದೆ ಮೂವತ್ತರ ಗಂಡಸಾಗಿ "ನನಗೆ ಸಂಗೀತ ಬರುವುದಿಲ್ಲ" ಎನ್ನುತ್ತಾರಲ್ಲ, ಆ ಮಾತಿನ ಬೇರು ಇರುವುದು ಈ ಪ್ರಾರ್ಥನೆಯ ಸಾಲಿನಲ್ಲಿ.

ಇದಕ್ಕೆ ಪರಿಹಾರ ಬಹಳ ಸುಲಭ. ತಿಳಿದವರೊಬ್ಬರು ಪಕ್ಕದಲ್ಲಿ ನಿಂತು ಶ್ರುತಿಯನ್ನು ಎರಡು ಮನೆ ಕೆಳಗಿಳಿಸಬೇಕು, ಅಷ್ಟೆ. ಗಿಟಾರಿನಲ್ಲಿ ಅದು ಎರಡು ಸೆಕೆಂಡಿನ ಕೆಲಸ: ಕತ್ತಿನ ಮೇಲೆ ಕಚ್ಚಿಸಿರುವ ಕೇಪೊ ಎಂಬ ಹಿಡಿಕೆಯನ್ನು ಎರಡು ಫ್ರೆಟ್ (ಕತ್ತಿನ ಮೇಲಿನ ಅಡ್ಡಪಟ್ಟಿ) ಹಿಂದಕ್ಕೆ ಸರಿಸಿದರೆ, ಬೆರಳುಗಳ ಹಿಡಿತ ಬದಲಾಗದೆಯೇ ಶ್ರುತಿ ಇಳಿಯುತ್ತದೆ. ನಾನು ಒಂದು ಶಾಲೆಯಲ್ಲಿ ಹೀಗೆ ಮಾಡಿದ ದಿನ ಹಿಂದಿನ ಸಾಲಿನ ಹುಡುಗರು ಮೊದಲು ಗುನುಗಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಕೊನೆಯ ಚರಣದ ಹೊತ್ತಿಗೆ ಅವರ ದನಿಯೇ ಎಲ್ಲರಿಗಿಂತ ಜೋರಾಗಿತ್ತು. ಬಿಸಿಯೂಟದ ಅಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದು ಕೇಳಿದರು.

ಸಚಿವರೇ, ಇಂಥವರೊಬ್ಬರು ಶಾಲೆಯಲ್ಲಿರಬೇಕು ಎಂಬುದು ನನ್ನ ಆಸೆ ಮಾತ್ರವಲ್ಲ, ಕಾನೂನು. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಅದರ ಅನುಸೂಚಿಯನ್ನು ತಾವು ನೋಡಿಯೇ ಇರುತ್ತೀರಿ. 6ರಿಂದ 8ನೇ ತರಗತಿಗಳಲ್ಲಿ ಮಕ್ಕಳ ಸಂಖ್ಯೆ 100ನ್ನು ಮೀರಿದರೆ ಪೂರ್ಣಾವಧಿ ಮುಖ್ಯ ಶಿಕ್ಷಕರು ಇರಬೇಕು. ಜೊತೆಗೆ ಕಲಾ ಶಿಕ್ಷಣ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯ ಶಿಕ್ಷಣ ಈ ಮೂರಕ್ಕೂ ಅರೆಕಾಲಿಕ ಬೋಧಕರು ಇರಬೇಕು. ದೈಹಿಕ ಶಿಕ್ಷಕರನ್ನು ನಾನು ಅಲ್ಲಲ್ಲಿ ಕಂಡಿದ್ದೇನೆ. ಚಿತ್ರಕಲಾ ಶಿಕ್ಷಕರನ್ನೂ ಕಂಡಿದ್ದೇನೆ. ಹಾಡು ಕಲಿಸಲೆಂದೇ ನೇಮಕವಾದವರನ್ನು ನಾನು ಓಡಾಡುವ ಹಳ್ಳಿಗಳ ಶಾಲೆಗಳಲ್ಲಿ ಕಂಡಿಲ್ಲ.

ಇನ್ನು ನೂರು ಮಕ್ಕಳ ಮಾತು. ಬಯಲುಸೀಮೆಯ ದೊಡ್ಡ ಊರುಗಳಿಗೆ ಆ ಲೆಕ್ಕ ಹೊಂದುತ್ತದೆ. ನಮ್ಮಲ್ಲಿ ಮನೆಗೂ ಮನೆಗೂ ನಡುವೆ ತೋಟ, ಗದ್ದೆ, ಹಳ್ಳ. ಒಂದು ಶಾಲೆಯ ಮೂರು ತರಗತಿಗಳನ್ನು ಕೂಡಿಸಿದರೂ ನೂರು ತಲೆ ಸಿಕ್ಕುವುದು ಅಪರೂಪ. ಹಾಗಾದರೆ ಮಲೆನಾಡಿನ ಮಗುವಿಗೆ ಹಾಡು ಕಲಿಯುವ ಹಕ್ಕು ಇಲ್ಲವೇ? ಶಾಲೆಯ ಲೆಕ್ಕ ಬಿಟ್ಟು ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಲೆಕ್ಕ ಹಿಡಿಯಿರಿ. ಸಿಆರ್‌ಪಿಗಳು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು) ಹೇಗೆ ಒಂದು ಕ್ಲಸ್ಟರಿನ ಶಾಲೆಗಳನ್ನೆಲ್ಲ ಸುತ್ತುತ್ತಾರೋ ಹಾಗೆಯೇ ಒಬ್ಬ ಸಂಗೀತ ಬೋಧಕ ವಾರದಲ್ಲಿ ಒಂದೊಂದು ದಿನ ಒಂದೊಂದು ಶಾಲೆಗೆ ಹೋಗಬಹುದು. ಸೋಮವಾರದ ಶಾಲೆ, ಮಂಗಳವಾರದ ಶಾಲೆ ಎಂದು ಗೊತ್ತಾಗಿಬಿಟ್ಟರೆ ಮಕ್ಕಳು ಆ ದಿನಕ್ಕೆ ಕಾಯುತ್ತಾರೆ. ಕಾಯುತ್ತಾರೆ ಎಂದು ಊಹಿಸಿ ಹೇಳುತ್ತಿಲ್ಲ. ನಾನು ಹೋಗುವ ಶಾಲೆಯೊಂದರ ಹುಡುಗರು ಬಸ್ಸಿಳಿಯುವ ಜಾಗಕ್ಕೇ ಬಂದು ಗಿಟಾರಿನ ಚೀಲವನ್ನು ಹೊರಲು ಜಗಳವಾಡುತ್ತಾರೆ.

ನಮ್ಮ ಬದುಕು ಹೇಗೆ ಸಾಗುತ್ತದೆ ಎಂಬುದನ್ನು ಸ್ವಲ್ಪ ಹೇಳದಿದ್ದರೆ ಈ ಬೇಡಿಕೆಯ ಅರ್ಥ ಪೂರ್ತಿಯಾಗಿ ತಿಳಿಯದು. ಹಳ್ಳಿಯ ವಾದ್ಯಗಾರನಿಗೆ ವರ್ಷವೆಂದರೆ ಎರಡು ಭಾಗ. ಗಣೇಶನ ಹಬ್ಬದಿಂದ ಶುರುವಾಗಿ ನವರಾತ್ರಿ, ರಾಜ್ಯೋತ್ಸವ, ಶಾಲಾ ವಾರ್ಷಿಕೋತ್ಸವ, ಜಾತ್ರೆ, ಆಮೇಲೆ ಮೇ ತಿಂಗಳವರೆಗಿನ ಮದುವೆಗಳು ಒಂದು ಭಾಗ. ಮಳೆ ಹಿಡಿದ ಮೇಲಿನದು ಇನ್ನೊಂದು. ಆಗುಂಬೆ ನಮ್ಮ ತಾಲ್ಲೂಕಿನದೇ, ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಾಗ. ಜೂನಿನಿಂದ ಮೂರು ತಿಂಗಳು ವೇದಿಕೆಯೂ ಇಲ್ಲ, ಶಾಮಿಯಾನವೂ ಇಲ್ಲ. ಆ ತಿಂಗಳುಗಳಲ್ಲಿ ಪಾಠಕ್ಕೆ ಬರುವ ಮಕ್ಕಳೂ ಕಡಿಮೆಯಾಗುತ್ತಾರೆ, ಯಾಕೆಂದರೆ ಹಳ್ಳ ತುಂಬಿದರೆ ತಾಯಂದಿರು ಸಂಜೆ ಹೊತ್ತು ಹೊರಗೆ ಬಿಡುವುದಿಲ್ಲ.

ವೇದಿಕೆಯ ಕೆಲಸವೂ ಈಗ ಮೊದಲಿನಂತಿಲ್ಲ. ರಸಮಂಜರಿ ಎಂದರೆ ಒಂದು ಕಾಲಕ್ಕೆ ಕೀಬೋರ್ಡ್, ಗಿಟಾರ್, ತಬಲಾ, ರಿದಂ ಪ್ಯಾಡ್, ಕೊಳಲು ಎಲ್ಲರೂ ಒಂದು ವ್ಯಾನಿನಲ್ಲಿ ತುಂಬಿಕೊಂಡು ಹೋಗುತ್ತಿದ್ದ ತಂಡ. ಈಗ ಇಬ್ಬರು ಗಾಯಕರು, ಒಂದು ಲ್ಯಾಪ್‌ಟಾಪ್, ಅದರೊಳಗೆ ಟ್ರ್ಯಾಕ್. ಸಂಘಟಕರನ್ನು ನಾನು ದೂರುವುದಿಲ್ಲ, ಊರಿನ ಯುವಕರು ಚಂದಾ ಎತ್ತಿ ಮಾಡುವ ಕಾರ್ಯಕ್ರಮ ಅದು, ಆರು ಜನರ ಸಂಭಾವನೆ ಅವರಿಗೆ ಭಾರವೇ. ಆದರೆ ಟ್ರ್ಯಾಕಿನ ಜೊತೆ ಹಾಡುವವನ ಮುಂದೆ ಕೂತ ಮಗುವಿಗೆ ವಾದ್ಯವೊಂದು ನುಡಿಯುವುದು ಹೇಗೆ ಎಂದು ಕಣ್ಣಾರೆ ಕಾಣುವ ಅವಕಾಶವೇ ತಪ್ಪಿಹೋಗಿದೆ. ನಾನು ಗಿಟಾರ್ ಕಲಿಯಬೇಕೆಂದುಕೊಂಡದ್ದು ಹಾಗೆ ಕಂಡು. ಪೇಟೆಯ ಇಗರ್ಜಿಯಲ್ಲಿ ಹಾಡಿನ ತಂಡಕ್ಕೆ ನುಡಿಸುತ್ತಿದ್ದ ಹಿರಿಯರೊಬ್ಬರು, ನನ್ನ ಜಾತಿ ಮತ ಯಾವುದನ್ನೂ ಕೇಳದೆ, ಒಂದು ರೂಪಾಯಿಯನ್ನೂ ತೆಗೆದುಕೊಳ್ಳದೆ ಮೊದಲ ಮೂರು ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳನ್ನು, ಹೇಳಿಕೊಟ್ಟರು. ಮುಂದಿನ ಪಾಠಕ್ಕೆ ಆಗುಂಬೆ ಘಾಟಿ ಇಳಿದು ಕರಾವಳಿಗೆ ಹೋಗುತ್ತಿದ್ದೆ.

ಶಾಲೆಗಳು ನಮ್ಮನ್ನು ಕರೆಯುವುದು ವಾರ್ಷಿಕೋತ್ಸವ ಹತ್ತಿರ ಬಂದಾಗ. "ಎರಡು ಹಾಡು ಕಲಿಸಿಕೊಡಿ ಮೇಷ್ಟ್ರೇ, ಡಿಡಿಪಿಐ (ಜಿಲ್ಲೆಯ ಶಿಕ್ಷಣಾಧಿಕಾರಿ) ಬರುತ್ತಾರೆ" ಎಂದು ಮುಖ್ಯೋಪಾಧ್ಯಾಯರು ಫೋನ್ ಮಾಡುತ್ತಾರೆ. ಹೋಗುತ್ತೇವೆ, ಕಲಿಸುತ್ತೇವೆ. ಕೊನೆಗೆ ವೇದಿಕೆಗೆ ಕರೆದು ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುತ್ತಾರೆ. ಆ ಗೌರವವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಬಡ ಶಾಲೆಯ ಶಿಕ್ಷಕರು ತಮ್ಮ ಕೈಯಿಂದ ಹಣ ಹಾಕಿ ತಂದ ಶಾಲು ಅದು. ಆದರೆ ಹಾಡು ಕಲಿಸುವುದು ಡಿಸೆಂಬರಿನ ಎರಡು ವಾರದ ಕೆಲಸವಲ್ಲ. ಅಷ್ಟರಲ್ಲಿ ಮಕ್ಕಳು ಒಂದು ಹಾಡನ್ನು ಬಾಯಿಪಾಠ ಮಾಡಬಲ್ಲರು. ಶ್ರುತಿಗೆ ಕಿವಿ ಕೊಡುವುದು, ತಾಳ ತಪ್ಪಿದ್ದನ್ನು ತಾನೇ ಗುರುತಿಸುವುದು, ಪಕ್ಕದವರ ದನಿಯೊಂದಿಗೆ ತನ್ನ ದನಿ ಬೆರೆಸುವುದು ಇವೆಲ್ಲ ವಾರವಾರವೂ, ವರ್ಷವಿಡೀ ಆಗಬೇಕಾದ ಅಭ್ಯಾಸ.

"ಹಳ್ಳಿಯ ಮಕ್ಕಳಿಗೆ ಗಿಟಾರ್ ಯಾಕೆ? ಅದು ಪೇಟೆಯವರ ಶೋಕಿ" ಎಂಬ ಮಾತನ್ನು ಅಧಿಕಾರಿಗಳ ಬಾಯಿಂದಲೇ ಕೇಳಿದ್ದೇನೆ. ಇದಕ್ಕೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಬೇಕು.

ಪಿಟೀಲು ನಮ್ಮದಾಗಿ ಇನ್ನೂರು ವರ್ಷ ಕಳೆದಿದೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಮದರಾಸಿನಲ್ಲಿ ಯುರೋಪಿಯನ್ನರಿಂದ ಕಲಿತು ಕರ್ನಾಟಕ ಸಂಗೀತಕ್ಕೆ ತಂದರು. ಇವತ್ತು ಪಿಟೀಲಿಲ್ಲದ ಕಛೇರಿಯನ್ನು ಊಹಿಸುವವರಿಲ್ಲ. ನಮ್ಮ ರಾಜ್ಯದವರೇ ಆದ ಪಿಟೀಲು ಚೌಡಯ್ಯನವರ ನೆನಪಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಭವನ ಕಟ್ಟಿದ್ದೇವೆ. ಹಾರ್ಮೋನಿಯಂ ವಿದೇಶಿ ಎಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು, ಮತ್ತೆ ಒಳಗೆ ಬಿಡಲು 1971 ಬೇಕಾಯಿತು. ಅಷ್ಟೂ ವರ್ಷ ನಮ್ಮ ಭಜನಾ ಮಂದಿರಗಳು, ಹಳ್ಳಿಯ ನಾಟಕ ಕಂಪನಿಗಳು ಅದನ್ನು ಕೈಬಿಡಲಿಲ್ಲ. ಬಂಟ್ವಾಳದ ಸಜೀಪದಲ್ಲಿ ನಾಗಸ್ವರದ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದರ ಬೆನ್ನು ಹತ್ತಿದರು, 2004ರಲ್ಲಿ ಪದ್ಮಶ್ರೀ ಪಡೆಯುವ ಹೊತ್ತಿಗೆ ಆ ವಾದ್ಯ ಕರಾವಳಿಯ ದೇವಸ್ಥಾನಗಳ ಉತ್ಸವದ ಭಾಗವೇ ಆಗಿತ್ತು. ವಾದ್ಯ ಎಲ್ಲಿ ಹುಟ್ಟಿತು ಎಂದು ನಮ್ಮ ಹಿರಿಯರು ಕೇಳುತ್ತಾ ಕೂರಲಿಲ್ಲ.

ಇದರ ಜೊತೆಗೆ ಗಿಟಾರಿಗೆ ಹಳ್ಳಿಯ ಶಾಲೆಗೆ ಹೊಂದುವ ಗುಣಗಳೂ ಇವೆ. ಕರೆಂಟು ಬೇಡ. ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ಕತ್ತಲೆ, ಕೀಬೋರ್ಡ್ ಬಾಯಿ ಬಿಡುವುದಿಲ್ಲ. ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಬಹುದು. ಒಬ್ಬನೇ ಹಾಡಿಗೆ ಶ್ರುತಿ, ಲಯ, ಸ್ವರಗಳ ಹಿನ್ನೆಲೆ ಮೂರನ್ನೂ ಕೊಡಬಹುದು. ಜಿ, ಸಿ, ಡಿ ಎಂಬ ಮೂರು ಕಾರ್ಡ್ ಕೈಗೆ ಕೂತರೆ ಎಷ್ಟೋ ಜನಪದ ಗೀತೆಗಳಿಗೆ, ಭಾವಗೀತೆಗಳಿಗೆ ಮಗು ತಾನೇ ಜೊತೆ ಕೊಡಬಲ್ಲದು. ವೀಣೆಯನ್ನೋ ಸಿತಾರನ್ನೋ ಆ ಹಂತಕ್ಕೆ ತರಲು ವರ್ಷಗಳು ಬೇಕು. ಅವು ಕಡಿಮೆ ಎಂದಲ್ಲ, ಅವುಗಳ ದಾರಿ ಉದ್ದ. ಮಕ್ಕಳಿಗೆ ಮೊದಲ ತಿಂಗಳಲ್ಲೇ ಒಂದು ಪೂರ್ತಿ ಹಾಡು ಕೈಗೆ ಸಿಕ್ಕಬೇಕು, ಆಗ ಆಸೆ ಹುಟ್ಟುತ್ತದೆ. ಇಷ್ಟು ಹೇಳಿಯೂ, ಎಲ್ಲ ಶಾಲೆಗಳಲ್ಲೂ ಗಿಟಾರೇ ಆಗಬೇಕೆಂದು ನಾನು ಕೇಳುತ್ತಿಲ್ಲ. ಪಕ್ಕದ ಕ್ಲಸ್ಟರಿನಲ್ಲಿ ಹಾರ್ಮೋನಿಯಂ ನುಡಿಸುವ ಭಜನೆಯ ಗುರುಗಳಿದ್ದರೆ ಅಲ್ಲಿ ಅವರು ಕಲಿಸಲಿ, ಮದ್ದಳೆ ಬಲ್ಲವರಿದ್ದರೆ ಅವರು ಕಲಿಸಲಿ.

ನನ್ನಲ್ಲಿಗೆ ಬರುವ ಒಬ್ಬ ಹುಡುಗಿಯ ಬಗ್ಗೆ ಹೇಳಬೇಕು. ಸರ್ಕಾರಿ ಪ್ರೌಢಶಾಲೆಯಲ್ಲಿ ಓದುತ್ತಾಳೆ. ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋಗುವವರು. ಅಡಿಕೆ ಕೊಯ್ಲು ಶುರುವಾದರೆ ರಾತ್ರಿ ಅವಳೂ ಅಮ್ಮನ ಜೊತೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಾಳೆ. ಹಸಿ ಅಡಿಕೆಯ ಕಲೆ ಬೆರಳಿನ ಸಂದಿಗಳಲ್ಲಿ ಕೂತರೆ ಎಷ್ಟು ಉಜ್ಜಿದರೂ ಹೋಗದು. ಆ ಕಪ್ಪಾದ ಬೆರಳುಗಳಿಂದಲೇ ತಂತಿ ಒತ್ತುತ್ತಾಳೆ. ಹೊಸದಾಗಿ ಕಲಿಯುವ ಎಲ್ಲರಿಗೂ ಉಕ್ಕಿನ ತಂತಿ ಬೆರಳ ತುದಿಯನ್ನು ಕೊರೆಯುತ್ತದೆ, ಪೇಟೆಯ ಮಕ್ಕಳು ಎರಡನೆಯ ವಾರ ಅಳುತ್ತಾರೆ. ಅವಳಿಗೆ ಅದು ನೋವೆಂದೇ ಅನ್ನಿಸಲಿಲ್ಲ, ಆ ಕೈ ಆಗಲೇ ಗಟ್ಟಿಯಾಗಿತ್ತು. ಎಫ್ ಎಂಬ ಕಾರ್ಡ್ ಇದೆ, ತೋರುಬೆರಳನ್ನು ಅಡ್ಡ ಮಲಗಿಸಿ ಆರೂ ತಂತಿಗಳನ್ನು ಒಟ್ಟಿಗೆ ಒತ್ತಬೇಕು. ಗಿಟಾರ್ ಕಲಿಯುವುದನ್ನು ಅರ್ಧಕ್ಕೆ ಬಿಡುವವರು ಬಹುಮಟ್ಟಿಗೆ ಅಲ್ಲೇ ಬಿಡುತ್ತಾರೆ. ಅವಳು ಅದನ್ನು ದಾಟಿದ್ದಾಳೆ. ಆದರೆ ಈಗ ಅವಳನ್ನು ತಡೆಯುತ್ತಿರುವುದು ಬಸ್ಸು. ನಮ್ಮ ತರಗತಿಯ ಹೊತ್ತು ನಿಶ್ಚಯವಾಗುವುದು ಕೊನೆಯ ಬಸ್ಸಿನ ಮೇಲೆ, ಶಾಲೆ ಬಿಟ್ಟು ಪೇಟೆಗೆ ಬಂದು ಅರ್ಧ ಗಂಟೆ ಕೂರುವಷ್ಟರಲ್ಲಿ ಅವಳು ಎದ್ದು ಓಡಬೇಕು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವಿದೆ, ಅದು ಅನೇಕರಿಗೆ ದೊಡ್ಡ ಉಪಕಾರವಾಗಿದೆ. ಅವಳ ಊರಿನ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು, ಟಿಕೆಟ್ ತೆಗೆಯಲೇಬೇಕು. ನಾನು ಶುಲ್ಕ ಬಿಟ್ಟರೂ ಬಸ್ಸಿನ ದುಡ್ಡಿನ ಹೊರೆ ಉಳಿಯುತ್ತದೆ. ಅವಳ ಶಾಲೆಗೇ ವಾರಕ್ಕೊಮ್ಮೆ ಪಾಠ ಬಂದರೆ ಈ ಯಾವ ತೊಡಕೂ ಇಲ್ಲ.

ಈಗ ಅರ್ಹತೆಯ ಮಾತು. ಸಂಗೀತ ಬೋಧಕರೆಂದರೆ ಇಲಾಖೆಯ ಕಣ್ಣಿಗೆ ಕಾಣುವುದು ಸಂಗೀತದ ಪದವಿ, ಇಲ್ಲವೇ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಪ್ರಮಾಣಪತ್ರ. ಅವುಗಳ ಬಗ್ಗೆ ನನಗೆ ಅಪಾರ ಗೌರವವಿದೆ, ಅವುಗಳ ಹಿಂದಿರುವ ಸಾಧನೆ ಸಣ್ಣದಲ್ಲ. ಆದರೆ ಆ ಪರೀಕ್ಷೆಗಳು ಕರ್ನಾಟಕ ಮತ್ತು ಹಿಂದೂಸ್ತಾನಿ ಪದ್ಧತಿಗಳಿಗಾಗಿ ರೂಪುಗೊಂಡವು. ಕಾರ್ಡ್ ಹಿಡಿದು ಹಾಡಿಗೆ ಜೊತೆ ನೀಡುವವನಿಗೆ ಅಲ್ಲಿ ಜಾಗವಿಲ್ಲ. ನನ್ನಂಥವರು ಬರೆಯುವುದು ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆಗಳನ್ನು. ಒಂದರಿಂದ ಎಂಟರವರೆಗೆ ಗ್ರೇಡ್‌ಗಳಿವೆ, ಶುಲ್ಕ ಸಾವಿರಗಳಲ್ಲಿ, ಪರೀಕ್ಷೆಗೆಂದು ದೊಡ್ಡ ನಗರಕ್ಕೆ ಹೋಗಬೇಕಿತ್ತು. 2020ರ ನಂತರ ನುಡಿಸುವುದನ್ನು ವಿಡಿಯೊ ಮಾಡಿ ಕಳುಹಿಸುವ ಅವಕಾಶ ಬಂದಿರುವುದು ಹಳ್ಳಿಯವರಿಗೆ ಅನುಕೂಲವಾಯಿತು. ಅಂಥ ಪ್ರಮಾಣಪತ್ರ ಹಿಡಿದು ಕಚೇರಿಯೊಂದಕ್ಕೆ ಹೋದಾಗ "ಇದು ನಮ್ಮ ಪಟ್ಟಿಯಲ್ಲಿಲ್ಲ" ಎಂದರು. ಇನ್ನು ಪ್ರಮಾಣಪತ್ರವೇ ಇಲ್ಲದ ಭಜನೆಯ ಗುರುಗಳು, ಸೋಬಾನೆ ಬಲ್ಲ ತಾಯಂದಿರು, ಯಕ್ಷಗಾನದ ಭಾಗವತರು ಇವರೆಲ್ಲ ಯಾವ ಪಟ್ಟಿಗೆ ಸೇರಬೇಕು?

ಕಾಗದ ನೋಡಿ ಆರಿಸುವುದಕ್ಕಿಂತ ಕಲಿಸುವುದನ್ನು ನೋಡಿ ಆರಿಸಿ ಎಂಬುದು ನನ್ನ ಸಲಹೆ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಮಟ್ಟದಲ್ಲಿ ಒಂದು ಸಮಿತಿ ಇರಲಿ. ಅದರಲ್ಲಿ ಸಂಗೀತ ತಿಳಿದ ಇಬ್ಬರು ಕಡ್ಡಾಯವಾಗಿ ಇರಲಿ. ಬಂದ ಅಭ್ಯರ್ಥಿಗೆ ಒಂದು ತರಗತಿಯ ಮಕ್ಕಳನ್ನು ಒಪ್ಪಿಸಿ, ಅರ್ಧ ಗಂಟೆಯಲ್ಲಿ ಅವರಿಗೆ ಗೊತ್ತಿಲ್ಲದ ಹಾಡೊಂದರ ಪಲ್ಲವಿಯನ್ನು ಕಲಿಸಲು ಹೇಳಿ. ಯಾರಿಗೆ ಕಲಿಸಲು ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದು ಆ ಅರ್ಧ ಗಂಟೆಯಲ್ಲಿ ಯಾರಿಗೂ ಗೊತ್ತಾಗುತ್ತದೆ. ನನ್ನನ್ನೂ ಹಾಗೆಯೇ ಪರೀಕ್ಷಿಸಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಗ್ಗೆ ನಮ್ಮ ರಾಜ್ಯಕ್ಕೆ ಬೇರೆ ನಿಲುವಿರುವುದು ನನಗೆ ಗೊತ್ತು. ಆದರೆ ಸ್ಥಳೀಯ ಕಲಾವಿದರನ್ನು ಶಾಲೆಗೆ ಬೋಧಕರಾಗಿ ಕರೆಯಬೇಕೆಂಬ ಮಾತು ಅದರಲ್ಲಿಯೂ ಇದೆ. ಈ ಒಂದು ವಿಷಯದಲ್ಲಿ ಯಾರಿಗೂ ತಕರಾರು ಇರಲಿಕ್ಕಿಲ್ಲ.

ವಾದ್ಯಗಳ ಖರೀದಿ ವಿಚಾರದಲ್ಲಿ ಮಾತ್ರ ಅವಸರ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಶಾಲೆಯೊಂದರಲ್ಲಿ ಯಾವುದೋ ಯೋಜನೆಯಡಿ ಬಂದ ಹಾರ್ಮೋನಿಯಂ, ಡ್ರಮ್‌ಗಳನ್ನು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ನುಡಿಸಲು ಯಾರೂ ಇಲ್ಲ, ಕೆಟ್ಟರೆ ಲೆಕ್ಕ ಕೊಡಬೇಕೆಂಬ ಭಯ. ಬೀಗ ತೆಗೆಸಿದಾಗ ಹಾರ್ಮೋನಿಯಂನ ತಿದಿಯನ್ನು ಇಲಿ ಕಡಿದಿತ್ತು, ಪೆಟ್ಟಿಗೆಯ ತಳಕ್ಕೆ ಗೆದ್ದಲು ಹಿಡಿದಿತ್ತು. ಕಲಿಸುವವರು ಬರುವ ಮೊದಲೇ ವಾದ್ಯ ಬಂದರೆ ಹೀಗೇ ಆಗುವುದು. ಮೊದಲು ಮನುಷ್ಯ ಬರಲಿ, ಅವನು ಕೇಳಿದ ವಾದ್ಯ ಆಮೇಲೆ ಬರಲಿ. ಕ್ಲಸ್ಟರಿಗೆ ನಾಲ್ಕೈದು ಗಿಟಾರ್ ಸಾಕು, ಒಂದನ್ನು ಮೂವರು ಮಕ್ಕಳು ಸರದಿಯಲ್ಲಿ ಹಿಡಿಯುತ್ತಾರೆ.

ನಿರ್ವಹಣೆಗೂ ಸ್ವಲ್ಪ ಹಣ ಬೇಕು. ಮಲೆನಾಡಿನ ಮಳೆ ಮರದ ವಾದ್ಯಕ್ಕೆ ಏನು ಮಾಡುತ್ತದೆ ಎಂಬುದು ಬೆಂಗಳೂರಿನಲ್ಲಿ ಕೂತು ಟೆಂಡರ್ ಬರೆಯುವವರಿಗೆ ತಿಳಿಯುವುದು ಕಷ್ಟ. ಆಷಾಢದಲ್ಲಿ ಹೊಸ ತಂತಿ ಕೆಲವೇ ವಾರಗಳಲ್ಲಿ ಕಪ್ಪಾಗಿ ಒರಟಾಗುತ್ತದೆ. ಹಲಗೆ ತೇವ ಕುಡಿದು ಉಬ್ಬುತ್ತದೆ, ತಂತಿ ಫ್ರೆಟ್ಟಿನಿಂದ ಮೇಲೆದ್ದು ಮಕ್ಕಳ ಬೆರಳಿಗೆ ಒತ್ತಲಾಗುವುದಿಲ್ಲ. ಒಬ್ಬ ಹುಡುಗನ ಮನೆಯವರು ಬೂಷ್ಟು ಹಿಡಿಯದಿರಲೆಂದು ಗಿಟಾರನ್ನು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ, ಕೊಬ್ಬರಿಯ ಪಕ್ಕದಲ್ಲಿ ಇಟ್ಟಿದ್ದರು. ಬಿಸಿಗೆ ಅಂಟು ಕರಗಿ ತಂತಿ ಕಟ್ಟುವ ಬ್ರಿಡ್ಜ್ ಪೂರ್ತಿ ಕಿತ್ತು ಬಂದಿತ್ತು. ನಾನು ಗಿಟಾರ್‌ಗಳನ್ನು ಮರದ ಬೀರುವಿನಲ್ಲಿಟ್ಟು ಒಳಗೆ ಒಂದು ಸಣ್ಣ ಬಲ್ಬು ಉರಿಸುತ್ತೇನೆ, ಬಟ್ಟೆಗೆ ನಮ್ಮ ಕಡೆ ಮಾಡುವ ಉಪಾಯವೇ ಅದು. ಕರೆಂಟು ಹೋದ ದಿನ ಒಣ ಬಟ್ಟೆಯಲ್ಲಿ ತಂತಿಗಳನ್ನು ಒಂದೊಂದಾಗಿ ಒರೆಸಿ ಇಡಬೇಕು. ಇಂಥ ತಿಳಿವಳಿಕೆ ಇರುವ ಮನುಷ್ಯ ಊರಿನಲ್ಲೇ ಇದ್ದರೆ ಸರ್ಕಾರದ ವಾದ್ಯ ವರ್ಷಗಟ್ಟಲೆ ಬಾಳುತ್ತದೆ.

"ಗಣಿತಕ್ಕೆ, ವಿಜ್ಞಾನಕ್ಕೇ ಶಿಕ್ಷಕರಿಲ್ಲ, ಸಂಗೀತಕ್ಕೆ ಎಲ್ಲಿಂದ ತರುವುದು?" ಎಂದು ತಮ್ಮ ಅಧಿಕಾರಿಗಳು ತಮ್ಮನ್ನು ಕೇಳಬಹುದು. ಗಣಿತದ ಶಿಕ್ಷಕರನ್ನು ದೂರದ ಜಿಲ್ಲೆಗಳಿಂದ ಕಳುಹಿಸುತ್ತೀರಿ. ಅವರಿಗೆ ಇಲ್ಲಿ ಬಾಡಿಗೆ ಮನೆ ಸಿಕ್ಕುವುದಿಲ್ಲ, ಮಳೆಗೆ ಹೊಂದಿಕೊಳ್ಳುವುದು ಕಷ್ಟ, ಮುಂದಿನ ವರ್ಗಾವಣೆಯ ಪಟ್ಟಿಯಲ್ಲಿ ಅವರ ಹೆಸರಿರುತ್ತದೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ನಾವು ಇಲ್ಲಿಯವರೇ. ವರ್ಗಾವಣೆ ಕೇಳುವುದಿಲ್ಲ, ಈ ಊರಿನ ಹಾದಿ ಹಳ್ಳ ಎಲ್ಲ ಗೊತ್ತು. ನಮಗೆ ಬೇಕಾದದ್ದು ಅರೆಕಾಲಿಕ ಕೆಲಸ, ತಿಂಗಳಿಗೊಮ್ಮೆ ಬ್ಯಾಂಕ್ ಖಾತೆಗೆ ತಪ್ಪದೆ ಬೀಳುವ ಗೌರವಧನ. ಅತಿಥಿ ಶಿಕ್ಷಕರಿಗೆ ಆಗುವಂತೆ ತಿಂಗಳುಗಟ್ಟಲೆ ಬಾಕಿ ನಿಂತರೆ ಮಾತ್ರ ನಮ್ಮಂಥವರು ಬಾಳುವುದಿಲ್ಲ, ಮಳೆಗಾಲದ ಮೂರು ತಿಂಗಳು ನಮಗೆ ಬೇರೆ ಆದಾಯವೇ ಇರುವುದಿಲ್ಲ ಎಂದು ಆಗಲೇ ಹೇಳಿದ್ದೇನೆ. ಕೋವಿಡ್ ಕಾಲದಲ್ಲಿ, 2021ರಲ್ಲಿ, ಸರ್ಕಾರ ಕಲಾವಿದರಿಗೆ 3,000 ರೂಪಾಯಿ ನೆರವು ಘೋಷಿಸಿತು. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನವೂ ಇದೆ. ಅದೆಲ್ಲ ಒಳ್ಳೆಯದೇ, ಮುಂದುವರಿಯಬೇಕು. ಆದರೆ ದುಡಿಯುವ ವಯಸ್ಸಿನಲ್ಲಿ ಕಲಾವಿದನಿಗೆ ಅವನದೇ ವಿದ್ಯೆಯ ಕೆಲಸ ಕೊಟ್ಟರೆ, ಮುದಿತನದಲ್ಲಿ ಅವನು ಅರ್ಜಿ ಹಿಡಿದು ಅಲೆಯುವುದು ತಪ್ಪುತ್ತದೆ.

ಇನ್ನೊಂದು ಲೆಕ್ಕವನ್ನೂ ತಾವು ಹಾಕಬೇಕು. ನಮ್ಮ ಹಳ್ಳಿಗಳಿಂದ ಬೆಳಿಗ್ಗೆ ಹಳದಿ ವ್ಯಾನುಗಳು ಪೇಟೆಯ ಖಾಸಗಿ ಶಾಲೆಗಳಿಗೆ ಹೋಗುತ್ತವೆ. ಆ ಶಾಲೆಗಳ ಕರಪತ್ರದಲ್ಲಿ ಕಂಪ್ಯೂಟರಿನ ಪಕ್ಕದಲ್ಲಿ ಗಿಟಾರ್ ಹಿಡಿದ ಮಗುವಿನ ಚಿತ್ರವಿರುತ್ತದೆ. ಕೂಲಿ ಮಾಡುವ ತಾಯಿಯೂ ಸಾಲ ಮಾಡಿ ಮಗುವನ್ನು ಆ ವ್ಯಾನ್ ಹತ್ತಿಸುತ್ತಾಳೆ. ಇತ್ತ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಲ್ಲವೆಂದು ಬಾಗಿಲು ಹಾಕುವ ಮಾತು ಬರುತ್ತದೆ. ನಲಿಕಲಿ ನಮ್ಮ ರಾಜ್ಯದ್ದೇ ಪ್ರಯೋಗ, ತೊಂಬತ್ತರ ದಶಕದಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಹುಟ್ಟಿದ್ದು. ಹಾಡು, ಕುಣಿತದ ಮೂಲಕ ಅಕ್ಷರ ಕಲಿಸಬಹುದೆಂದು ಅದನ್ನು ಕಟ್ಟಿದವರು ಸರ್ಕಾರಿ ಶಾಲೆಯ ಶಿಕ್ಷಕರೇ. ಮೂರನೆಯ ತರಗತಿಯವರೆಗೆ ಹಾಡುತ್ತಾ ಬಂದ ಮಗುವಿಗೆ ಆಮೇಲೆ ಹಾಡು ಯಾಕೆ ನಿಲ್ಲಬೇಕು? ಬ್ಯಾಗಿಲ್ಲದ ದಿನವೆಂದು ಸಂಭ್ರಮ ಶನಿವಾರ ಇಟ್ಟಿದ್ದೀರಿ. ನಮ್ಮನ್ನು ಕರೆಯಲು ಅದೊಂದು ಸಿದ್ಧವಾದ ದಿನ. ಪ್ರಾರಂಭಕ್ಕೆ ಅದೇ ಸಾಕು.

ಇಡೀ ರಾಜ್ಯದಲ್ಲಿ ಒಮ್ಮೆಗೇ ಮಾಡಿ ಎಂದು ನಾನು ಕೇಳುವುದಿಲ್ಲ. ನಮ್ಮ ಒಂದು ತಾಲ್ಲೂಕಿನಲ್ಲಿ, ಒಂದು ಶೈಕ್ಷಣಿಕ ವರ್ಷ ಮಾಡಿ ನೋಡಿ. ಶಾಲೆಗಳು ಬಾಗಿಲು ತೆರೆಯುವುದು ಮೇ ಕೊನೆಗೆ. ಅಷ್ಟರೊಳಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಒಂದು ಸುತ್ತೋಲೆ ಬರಬೇಕು: ಕ್ಲಸ್ಟರಿಗೆ ಒಬ್ಬ ಸಂಗೀತ ಬೋಧಕ, ಆಯ್ಕೆ ಪಾಠ ನೋಡಿ, ಗೌರವಧನ ಇಷ್ಟು, ಪಾವತಿ ತಿಂಗಳಿಗೊಮ್ಮೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರನ್ನು ಒಪ್ಪಿಸುವುದು ನಮ್ಮ ಕೆಲಸ, ಅವರಲ್ಲಿ ಅನೇಕರ ಮಕ್ಕಳು ಆಗಲೇ ನಮ್ಮ ಶಿಷ್ಯರು. ವರ್ಷದ ಕೊನೆಗೆ ತಾವೇ ಬನ್ನಿ, ಮೊದಲೇ ತಿಳಿಸದೆ ಬನ್ನಿ, ಯಾವುದಾದರೂ ಒಂದು ಶಾಲೆಯ ಬೆಳಗಿನ ಪ್ರಾರ್ಥನೆಗೆ ನಿಲ್ಲಿ. ಎಂಟನೆಯ ತರಗತಿಯ ಹುಡುಗರು ಹಾಡುತ್ತಿದ್ದಾರೆಯೇ ಎಂದು ಹಿಂದಿನ ಸಾಲನ್ನು ನೋಡಿ, ಆಮೇಲೆ ಯೋಜನೆಯನ್ನು ಮುಂದುವರಿಸುವುದೋ ಬಿಡುವುದೋ ತೀರ್ಮಾನಿಸಿ.

ಗೌರವದೊಂದಿಗೆ,

ತಮ್ಮ ವಿಶ್ವಾಸಿ
ಗಿಟಾರ್ ಶಿಕ್ಷಕ, ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ